ಕೊಡದೆ ಉಳಿದ ಕೂಲಿ



ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಈಗಷ್ಟೇ ಓದಿದೆವು. ಅಲ್ಲಿ ಕೂಲಿಯಾಳಿನ ಜೊತೆಗೆ ಅವನಿಗೆ ಕೊಡದೆ ಹಿಡಿದಿಟ್ಟ ಕೂಲಿಯೂ ಬಾಯಿಬಿಟ್ಟು ಕೂಗುತ್ತದೆ. ಹಾಗೆ ಕೂಗುತ್ತಲೇ ಉಳಿದ ಒಂದು ಕೂಲಿಯ ಕುರಿತು ಈ ಹೊತ್ತು ಹೇಳಬೇಕಾಗಿದೆ.

ಲೆಸ್ಟರ್ ಟೆನ್ನಿ ಎಂಬ ಅಮೆರಿಕದ ಸೈನಿಕ 1942ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ ಜಪಾನಿ ಸೇನೆಗೆ ಸೆರೆಸಿಕ್ಕರು. ಸೆರೆಯಾಳುಗಳನ್ನು ಅಲ್ಲಿಂದ ಬಲವಂತವಾಗಿ ನಡೆಸಿಕೊಂಡು ಹೋದರು; ದಾರಿಯುದ್ದಕ್ಕೂ ಸಂಗಡಿಗರು ಸತ್ತುಬಿದ್ದ ಆ ನಡಿಗೆಯಲ್ಲಿ ಅವರು ಹೇಗೋ ಉಳಿದರು. ಆಮೇಲೆ ಹಡಗಿನಲ್ಲಿ ತುಂಬಿ ಜಪಾನಿಗೆ ಒಯ್ದು, ಒಮುಟ ಊರಿನಲ್ಲಿದ್ದ ಮಿತ್ಸುಯಿ ಕಂಪನಿಯ ಕಲ್ಲಿದ್ದಲು ಗಣಿಗೆ ಇಳಿಸಿದರು. ಹೊಟ್ಟೆಗೆ ಸಾಲದ ಅನ್ನ, ಭೂಮಿಯ ಒಳಗೆ ದಿನವಿಡೀ ದುಡಿಮೆ. ಅಲ್ಲಿ ಹೊಡೆದವರಲ್ಲಿ ಸಿಪಾಯಿಗಳಷ್ಟೇ ಅಲ್ಲ, ಗಣಿಯ ಮೇಲ್ವಿಚಾರಕರೂ ಇದ್ದರು. ಸೆರೆಯಾಳಿನಿಂದ ಮಿತಿಮೀರಿ ದುಡಿಸಬಾರದು, ದುಡಿದದ್ದಕ್ಕೆ ಕೂಲಿ ಸಲ್ಲಬೇಕು ಎಂಬ 1907ರ ಹೇಗ್ ನಿಯಮಗಳನ್ನು ಜಪಾನೂ ಒಪ್ಪಿತ್ತು. ಇದೇ ಯುದ್ಧದಲ್ಲಿ ಥಾಯ್ಲೆಂಡ್‌ನಿಂದ ಬರ್ಮಾಕ್ಕೆ 415 ಕಿಲೋಮೀಟರ್ ರೈಲುಹಾದಿ ಹಾಕಿಸಿದಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸೇರಿ ಏಷ್ಯಾದ ಕಾರ್ಮಿಕರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸತ್ತರು.

1951ರ ಸ್ಯಾನ್ ಫ್ರಾನ್ಸಿಸ್ಕೋ ಶಾಂತಿ ಒಪ್ಪಂದದಲ್ಲಿ ಗೆದ್ದ ದೇಶಗಳು ಜಪಾನಿನಿಂದ ಪರಿಹಾರ ಕೇಳುವ ತಮ್ಮ ಪ್ರಜೆಗಳ ಹಕ್ಕನ್ನೂ ಬಿಟ್ಟುಕೊಟ್ಟವು. ಇಬ್ಬರು ಜಮೀನುದಾರರು ತಮ್ಮತಮ್ಮಲ್ಲೇ ರಾಜಿಯಾಗಿ ಆಳಿನ ಕೂಲಿಯನ್ನು ಮನ್ನಾ ಮಾಡಿದಂತಾಯಿತು. ಬ್ರಿಟನ್ನಿನ ಮಾಜಿ ಕೈದಿಯ ಕೈಗೆ ಆಗ ಬಂದದ್ದು ಸುಮಾರು 76 ಪೌಂಡ್.

ಟೆನ್ನಿ 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಿತ್ಸುಯಿ ವಿರುದ್ಧ ದಾವೆ ಹೂಡಿದರು. ಮರುವರ್ಷ ಫೆಡರಲ್ ನ್ಯಾಯಾಲಯ ಇಂಥ ದಾವೆಗಳನ್ನು ಆ ಒಪ್ಪಂದವನ್ನೇ ಮುಂದಿಟ್ಟು ತಳ್ಳಿಹಾಕಿತು. ಇವರಿಗೆ ಪೂರ್ತಿ ಪರಿಹಾರ ಸಿಕ್ಕಿಲ್ಲವೆಂಬುದನ್ನು ನ್ಯಾಯಾಧೀಶರು ಒಪ್ಪಿದರು. ಆದರೆ ಸ್ವತಂತ್ರ ಸಮಾಜದಲ್ಲಿ, ಶಾಂತಿಯ ಲೋಕದಲ್ಲಿ ಬಾಳುವ ಭಾಗ್ಯವೇ ಆ ಸಾಲವನ್ನು ತೀರಿಸುತ್ತದೆ ಎಂಬ ಅರ್ಥದಲ್ಲಿ ಬರೆದರು. ಕಾನೂನಿನ ಮಾತು ಕಾನೂನು ಬಲ್ಲವರಿಗೆ ಬಿಟ್ಟದ್ದು. ದೇವರ ವಾಕ್ಯದ ಮುಂದೆ ನಿಂತು ನಾನು ನ್ಯಾಯಾಧೀಶರ ಆ ಮಾತನ್ನು ಒಪ್ಪಲಾರೆ. ಶಾಂತಿ ಎಲ್ಲರಿಗೂ ಸಿಕ್ಕಿತು. ದುಡಿಸಿಕೊಂಡ ಕಂಪನಿಗೂ ಸಿಕ್ಕಿತು, ಆ ಶಾಂತಿಯ ನೆರಳಲ್ಲಿ ಕಂಪನಿ ಬೆಳೆಯಿತು. ಹಾಗಿರುವಾಗ ದುಡಿದವನ ಲೆಕ್ಕದಿಂದ ಮಾತ್ರ ಶಾಂತಿಯ ಬೆಲೆಯನ್ನು ಮುರಿದುಕೊಳ್ಳುವುದು ಯಾವ ನ್ಯಾಯ?

ಕ್ರೈಸ್ತರಾದವರು ಕ್ಷಮಿಸಿ ಸುಮ್ಮನಿರಬೇಕಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕ್ಷಮಿಸಬೇಕು, ಹೌದು. ಆದರೆ ಅದು ಪೆಟ್ಟು ತಿಂದವನು ತಾನಾಗಿ ಕೊಡುವಂಥದ್ದು, ಅವನ ಪರವಾಗಿ ಸರ್ಕಾರ ಸಹಿ ಹಾಕಲಾಗದು. ಮೇಲಾಗಿ ಸುಂಕದವನಾದ ಜಕ್ಕಾಯನನ್ನು ನೋಡಿ. ಯೇಸು ಅವನ ಮನೆಗೆ ಹೋದದ್ದು ಕೃಪೆ. ಆ ಕೃಪೆ ಮುಟ್ಟಿದ ಕೂಡಲೇ ಅವನು ತಾನೇ ಎದ್ದುನಿಂತು, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದ. ಈ ಮನೆಗೆ ರಕ್ಷಣೆ ಬಂತೆಂದು ಕರ್ತನು ಹೇಳಿದ್ದು ಅದಾದ ಮೇಲೆ.

2015ರ ಜುಲೈನಲ್ಲಿ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿಯ ಪ್ರತಿನಿಧಿಗಳು ಲಾಸ್ ಏಂಜಲೀಸ್‌ಗೆ ಬಂದು, ಯುದ್ಧಕೈದಿಯಾಗಿ ತಾಮ್ರದ ಗಣಿಯಲ್ಲಿ ದುಡಿದಿದ್ದ 94 ವರ್ಷದ ಜೇಮ್ಸ್ ಮರ್ಫಿಯವರ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಮರ್ಫಿ ಅದನ್ನು ಮನಸಾರೆ ಸ್ವೀಕರಿಸಿದರು. ಅದು ಸಣ್ಣ ಸಂಗತಿಯಲ್ಲ, ದೇವರಿಗೆ ಸ್ತೋತ್ರ. ಆದರೂ ಹಣದ ಮಾತು ಬರಲಿಲ್ಲ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಸರ್ಕಾರಗಳು ತಮ್ಮ ಮಾಜಿ ಕೈದಿಗಳಿಗೆ ಕೊನೆಗೂ ಹಣ ಕೊಟ್ಟವು. ಬ್ರಿಟನ್ 2000ದಲ್ಲಿ ತಲಾ 10,000 ಪೌಂಡ್ ಘೋಷಿಸಿತು. ಅದು ತೆರಿಗೆ ಕಟ್ಟಿದವರ ದುಡ್ಡು, ದುಡಿಸಿಕೊಂಡವರದಲ್ಲ.

ಟೆನ್ನಿ 2017ರಲ್ಲಿ ತೀರಿಕೊಂಡರು. ಹೆಚ್ಚುಕಡಿಮೆ ಎಲ್ಲರೂ ಹೋದ ಮೇಲೆ ಇನ್ನು ಯಾರಿಗೆ ಕೊಡುವುದು ಎನ್ನುವವರಿದ್ದಾರೆ. ಅರಣ್ಯಕಾಂಡದ ಐದನೆಯ ಅಧ್ಯಾಯ ಇದಕ್ಕೆ ಉತ್ತರ ಕೊಟ್ಟಿದೆ: ಅಪರಾಧಿಯು ಅಸಲಿನ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು; ತೆಗೆದುಕೊಳ್ಳಲು ಸಮೀಪ ಬಂಧುವೂ ಇಲ್ಲವಾದರೆ ಅದು ಕರ್ತನಿಗೆ ಸಲ್ಲಬೇಕು. ಇಲ್ಲಿ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಕಂಪನಿಗಳೂ ಇವೆ. ಇಂದಿನ ಮಧ್ಯಸ್ಥ ಪ್ರಾರ್ಥನೆಯಲ್ಲಿ ಆ ಕುಟುಂಬಗಳನ್ನು ನೆನೆಯೋಣ; ಆ ಕಂಪನಿಗಳ ಲೆಕ್ಕ ನೋಡುವವರನ್ನೂ ನೆನೆದು, ಜಕ್ಕಾಯನಿಗೆ ಬಂದ ಧೈರ್ಯ ಅವರಿಗೂ ಬರಲೆಂದು ಬೇಡೋಣ.