ಎತ್ತು ಎಲ್ಲಿ ಕಟ್ಟಬೇಕು?

ಆಳಂದ ತಾಲೂಕಿನ ನಮ್ಮ ಹಳೆಯ ಮನೆಯ ತಲೆಬಾಗಿಲು ದಾಟಿದರೆ ಮೊದಲು ಕಾಣುತ್ತಿದ್ದುದು ಎತ್ತುಗಳು, ಆಮೇಲೆ ಮನುಷ್ಯರು. ಕೆಳಗೆ ಗ್ವಾದಲಿ, ಅದರ ಪಕ್ಕ ಎರಡು ಮೊಳ ಎತ್ತರಕ್ಕೆ ಪಡಸಾಲೆ. ಎತ್ತು ಸ್ವಲ್ಪ ಮಿಸುಕಿದರೂ ಪಡಸಾಲೆಯಲ್ಲಿ ಮಲಗಿದ ಅಜ್ಜನಿಗೆ ಎಚ್ಚರವಾಗುತ್ತಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗಲೂ ಒಳಗೆ ತಂಪು. ಮಾಳಿಗೆಯ ಮೇಲೆ ಹಗಲು ಮೆಣಸಿನಕಾಯಿ ಒಣಗುತ್ತಿದ್ದವು, ರಾತ್ರಿ ನಾವು ಮಲಗುತ್ತಿದ್ದೆವು. ಈ ಮನೆಗೆ ಯಾರೂ ನಕ್ಷೆ ಬರೆದಿರಲಿಲ್ಲ. ಒಕ್ಕಲುತನವೇ ಅದರ ನಕ್ಷೆ.

ಮುಂದೆ ಓದುವ ಕಾಲಕ್ಕೆ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ 1896ರಲ್ಲಿ ಬರೆದ ಲೇಖನವೊಂದರ ವಿಷಯ ತಿಳಿಯಿತು. ಕಟ್ಟಡದ ರೂಪ ಅದರ ಕೆಲಸದಿಂದ ಹುಟ್ಟಬೇಕೆಂಬುದು ಆತನ ವಾದ. ಆಧುನಿಕ ವಾಸ್ತುಶಿಲ್ಪಕ್ಕೆ ಇದೇ ಮಂತ್ರವಾಯಿತು. ಮುಂದೆ ಚಂಡೀಗಢವನ್ನು ಯೋಜಿಸಿದ ಲೆ ಕಾರ್ಬುಸಿಯೆ 1923ರಲ್ಲಿ ಮನೆಯನ್ನು ವಾಸದ ಯಂತ್ರವೆಂದೇ ಕರೆದ. ಹಾಗಾದರೆ ನಮ್ಮಜ್ಜ ಇವರೆಲ್ಲರಿಗಿಂತ ಮೊದಲೇ ಆಧುನಿಕನಾಗಿದ್ದನಲ್ಲ ಎಂದು ನಾನು ಗೆಳೆಯರ ಮುಂದೆ ಜಂಬ ಕೊಚ್ಚಿದ್ದುಂಟು.

ಆ ಜಂಬ ಇಳಿದದ್ದು ಭೀಮಾ ನದಿಯ ಸೀಮೆಯಲ್ಲಿ. 2009ರ ನೆರೆಯ ನಂತರ ಉತ್ತರ ಕರ್ನಾಟಕದ ಅನೇಕ ನದಿದಂಡೆಯ ಊರುಗಳ ಜನರಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಲಾಯಿತು. ಜೇವರ್ಗಿ ಕಡೆಯ ಇಂಥದೊಂದು ಹೊಸ ಊರಿಗೆ ಹೋಗಿದ್ದೆ. ಒಂದೇ ಅಳತೆಯ ಸಿಮೆಂಟಿನ ಮನೆಗಳ ಸಾಲು. ಗಟ್ಟಿ ಗೋಡೆ, ಸೋರದ ಸೂರು. ಆದರೂ ಎಷ್ಟೋ ಬಾಗಿಲಿಗೆ ಬೀಗ. ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ವಿಚಾರಿಸಿದೆ.

“ಮನಿ ಛಲೋ ಅವರಿ. ಖರೆ ಎತ್ತು ಎಲ್ಲಿ ಕಟ್ಟಬೇಕು? ಜ್ವಾಳದ ಚೀಲ ಎಲ್ಲಿ ಇಡಬೇಕು? ನಮಗ ಯಾರರೆ ಕೇಳ್ಯಾರೇನ್ರಿ?”

ಆ ಮನೆಗಳಿಗೂ ಒಂದು ಉದ್ದೇಶವಿತ್ತು. ಉಣ್ಣುವುದು, ಮಲಗುವುದು ಇಷ್ಟೇ ಬದುಕು ಎಂದು ಯಾರೋ ದೂರದಲ್ಲಿ ಕೂತು ತೀರ್ಮಾನಿಸಿದ್ದರು. ಕೆಲಸದಿಂದ ರೂಪ ಹುಟ್ಟಬೇಕು, ಸರಿ. ಕೆಲಸ ಯಾವುದೆಂದು ಹೇಳುವವರು ಯಾರು?

ಹಾಗೆಂದು ಕಟ್ಟಿದವರನ್ನು ಹಳಿಯುವುದು ಸುಲಭವಲ್ಲ. ಮಳೆಯಲ್ಲಿ ನೆನೆಯುವವನಿಗೆ ಮೊದಲು ಬೇಕಾದದ್ದು ಸೂರು. 2020ರ ಅಕ್ಟೋಬರದಲ್ಲಿ ಭೀಮೆ ಮತ್ತೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳಿಗೆ ನುಗ್ಗಿದಾಗ, ಹೊಳೆಯ ದಂಡೆ ಬಿಡದವರ ಹಟಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಕಂಡಿತು. ಆದರೆ ಅವಸರವೊಂದೇ ನೆಪವಾಗಲಾರದು. ಬೆಂಗಳೂರಿನ ಐಐಎಂ ಕಟ್ಟಡವನ್ನು ರೂಪಿಸಿದ ಬಾಲಕೃಷ್ಣ ದೋಶಿ ಕಾರ್ಬುಸಿಯೆಯ ಕೈಕೆಳಗೇ ಪಳಗಿದವರು. 1980ರ ದಶಕದಲ್ಲಿ ಇಂದೋರಿನ ಬಡವರಿಗಾಗಿ ಅವರು ‘ಅರಣ್ಯ’ ಎಂಬ ಬಡಾವಣೆ ಯೋಜಿಸಿದರು. ಅಲ್ಲಿ ಬಡ ಕುಟುಂಬಗಳಿಗೆ ಸಿಕ್ಕಿದ್ದು ನಿವೇಶನ, ಅಡಿಪಾಯ, ನೀರು, ಶೌಚದ ವ್ಯವಸ್ಥೆಯಂಥ ಮೂಲ ಅನುಕೂಲ. ಉಳಿದದ್ದನ್ನು ಅವರವರು ತಮ್ಮ ಶಕ್ತಿ, ಕಸುಬಿಗೆ ತಕ್ಕಂತೆ ಬೆಳೆಸಿಕೊಳ್ಳಬಹುದಿತ್ತು. ವಾಸ್ತುಶಿಲ್ಪಿ ತನಗೆ ಗೊತ್ತಿಲ್ಲದ್ದಕ್ಕೂ ನಕ್ಷೆಯಲ್ಲಿ ಜಾಗ ಬಿಟ್ಟಿದ್ದರು.

ಇಷ್ಟು ಬರೆದು ಸುಮ್ಮನಾಗಬಹುದಿತ್ತು. ಆದರೆ ನಾನೂ ಕಲಬುರಗಿಯಲ್ಲಿ ಒಂದು ಮನೆ ಕಟ್ಟಿಸಿದ್ದೇನೆ. ಮಲಗುವ ಕೋಣೆ ಎಷ್ಟೆಂದು ಎಂಜಿನಿಯರು ಕೇಳಿದಾಗ ಮೂರು ಎಂದೆ. ಪಕ್ಕದಲ್ಲೇ ಕೂತಿದ್ದ ಅವ್ವನನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದ ವಾರದೊಳಗೆ ಆಕೆ ಮರ ಹಿಡಿದುಕೊಂಡು ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಕೂತಳು. ಜೋಳ ಹಸನು ಮಾಡುತ್ತಾ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದಳು.

“ಒಳಗ ಕೂಡಬಾರದೇನವ್ವಾ?” ಎಂದೆ.

“ಒಳಗ ಮಲಗಲಿಕ್ಕಿ ಜಾಗಾ ಅದ ತಮ್ಮಾ. ಕೂಡ್ಲಿಕ್ಕಿ ಇಲ್ಲ,” ಎಂದಳು.

ಜೇವರ್ಗಿಯ ಆ ಹಿರಿಯರ ಮುಖ ನೆನಪಾಯಿತು. ಯಾರನ್ನು ನಾನು ಮನಸ್ಸಿನಲ್ಲೇ ಬೈದು ಬಂದಿದ್ದೆನೋ ಅವರ ಸಾಲಿನಲ್ಲಿ ನಾನೂ ನಿಂತಿದ್ದೆ. ನನಗೆ ನೆರೆಯ ಅವಸರವೂ ಇರಲಿಲ್ಲ. ಅವ್ವ ಇರುವಷ್ಟು ಕಾಲ ನಮ್ಮ ಕಾರು ಬೀದಿಯಲ್ಲೇ ನಿಂತಿತು.