ಟ್ರೇಲರ್ ಯಾರ ಬಗ್ಗೆ ಮಾತಾಡ್ತಿದೆ?

ನಿಮಗೆ ಒಂದು ಪ್ರಶ್ನೆ. ಬಂದೂಕಿನ ವಿರುದ್ಧ ಮಾಡಿದ ಸಿನಿಮಾವನ್ನು ಬಂದೂಕು ತೋರಿಸಿ ಮಾರಬಹುದಾ?

"ಅಯ್ಯೋ, ಅದು ಮಾರ್ಕೆಟಿಂಗ್ ಅಷ್ಟೇ ಅಲ್ವಾ" ಅಂತ ತಳ್ಳಿಹಾಕೋದು ಸುಲಭ. ಆದರೆ ಅಮೆರಿಕದಲ್ಲಿ "ಅರ್ಬನ್ ಡ್ರಾಮಾ" ಅಂತ ಕರೆಸಿಕೊಳ್ಳುವ ಸಿನಿಮಾಗಳ ಚರಿತ್ರೆ ನೋಡಿದರೆ, ಅದು ಅಷ್ಟಕ್ಕೇ ನಿಲ್ಲುವ ವಿಷಯವಲ್ಲ ಅನ್ನಿಸುತ್ತದೆ. ಮೊದಲು ಆ ಹೆಸರನ್ನೇ ನೋಡಿ. ಅರ್ಬನ್ ಅಂದರೆ ನಗರದ್ದು. ಹಾಗಾದರೆ ಮ್ಯಾನ್‌ಹ್ಯಾಟನ್‌ನಲ್ಲಿ ನಡೆಯುವ ವುಡಿ ಅಲೆನ್ ಸಿನಿಮಾ ಯಾಕೆ ಅರ್ಬನ್ ಅಲ್ಲ? ಕಪ್ಪು ಜನರ ಬಡ ಬೀದಿಗಳು ಅಂತ ಬಾಯಿಬಿಟ್ಟು ಹೇಳೋಕೆ ಮುಜುಗರವಾದಾಗ ಅಂಗಡಿಯವರು ಹಚ್ಚಿದ ಲೇಬಲ್ ಅದು.

1991ರ ಜುಲೈನಲ್ಲಿ "ಬಾಯ್ಜ್ ಎನ್ ದ ಹುಡ್" ಬಂತು. ನಿರ್ದೇಶಕ ಜಾನ್ ಸಿಂಗಲ್ಟನ್‌ಗೆ ಆಗ 23 ವರ್ಷ. ಮರುವರ್ಷ ಆಸ್ಕರ್‌ನ ಉತ್ತಮ ನಿರ್ದೇಶಕ ಪ್ರಶಸ್ತಿಗೆ ನಾಮನಿರ್ದೇಶನ ಪಡೆದ ಮೊದಲ ಕಪ್ಪು ಅಮೆರಿಕನ್ ಆದರು. ಸುಮಾರು 60 ಲಕ್ಷ ಡಾಲರ್‌ನಲ್ಲಿ ತಯಾರಾದ ಸಿನಿಮಾ 5.5 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಇವತ್ತು ಈ ಜಾನರ್‌ನ ಸಿದ್ಧ ಸಾಮಾನು ಅಂತ ನಾವು ಗುರುತಿಸುವ ಬಹುಪಾಲು ಸಂಗತಿಗಳು ಅದರಲ್ಲಿವೆ: ತಲೆ ಮೇಲೆ ಸದಾ ಗಿರಗಿರ ಅನ್ನುವ ಪೊಲೀಸ್ ಹೆಲಿಕಾಪ್ಟರ್, ದಾರಿ ತಪ್ಪಿದ ಒಬ್ಬ ಗೆಳೆಯ, ಆಟದ ಸ್ಕಾಲರ್‌ಶಿಪ್‌ಗೆ ಕಾಯುವ ಇನ್ನೊಬ್ಬ, ನಿಧಾನವಾಗಿ ಬರುವ ಕಾರು, ಅದರ ಕಿಟಕಿಯಿಂದ ಗುಂಡು.

ಮೂವತ್ತು ವರ್ಷ ದಾಟಿದ ಸಿನಿಮಾ, ಹಾಗಾಗಿ ಕಥೆ ಹೇಳಿಬಿಡ್ತೀನಿ. ರಿಕಿಗೆ ಕಾಲೇಜಿನ ಫುಟ್‌ಬಾಲ್ ಸ್ಕಾಲರ್‌ಶಿಪ್ ಬೇಕು. ಅದಕ್ಕೆ ಎಸ್‌ಎಟಿ ಪರೀಕ್ಷೆಯಲ್ಲಿ 700 ಅಂಕ ಬೇಕು. ಅಂಗಡಿಗೆ ಹೋಗಿ ಬರುವಾಗ ಗಲ್ಲಿಯೊಂದರಲ್ಲಿ ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಆಮೇಲೆ ತಾಯಿ ಲಕೋಟೆ ತೆರೆಯುತ್ತಾಳೆ: 710. ಇಡೀ ಸಿನಿಮಾದ ತೂಕ ಆ ಹಾಳೆಯಲ್ಲಿದೆ. ಆದರೆ ಟ್ರೇಲರ್‌ನಲ್ಲಿ ಎದ್ದು ಕಂಡಿದ್ದು ಗುಂಡಿನ ಸದ್ದು. ಬಿಡುಗಡೆಯ ವಾರಾಂತ್ಯದಲ್ಲಿ ಕೆಲವು ಥಿಯೇಟರ್‌ಗಳ ಸುತ್ತಮುತ್ತ ಹಿಂಸೆ ನಡೆಯಿತು, ಒಂದು ಜೀವವೂ ಹೋಯಿತು. ಕೆಲವು ಮಾಲೀಕರು ಸಿನಿಮಾವನ್ನೇ ತೆಗೆದುಹಾಕಿದರು. ಟ್ರೇಲರ್ ಮೇಲೂ ಟೀಕೆ ಬಂತು.

ಟ್ರೇಲರ್‌ನಿಂದಲೇ ಗಲಾಟೆ ಆಯ್ತು ಅಂತ ನಾನು ಹೇಳೋದಿಲ್ಲ. ಎರಡು ವರ್ಷ ಮುಂಚೆ ಸ್ಪೈಕ್ ಲೀ ಅವರ "ಡೂ ದ ರೈಟ್ ಥಿಂಗ್" ಬಂದಾಗ ದೊಂಬಿ ಆಗಬಹುದು ಅಂತ ಕೆಲವು ವಿಮರ್ಶಕರು ಮೊದಲೇ ಬರೆದಿದ್ದರು. ಆಗಲಿಲ್ಲ. ಪ್ರೇಕ್ಷಕರ ಚರ್ಮದ ಬಣ್ಣ ನೋಡಿ ಭಯಪಡೋದೂ ಒಂದು ಥರದ ಪ್ರಚಾರವೇ, ದುಡ್ಡು ಕೊಡದೆ ಸಿಗುವಂಥದ್ದು.

ಮಾರಾಟಗಾರರ ಪರವಾಗಿ ಒಂದು ಒಳ್ಳೆಯ ವಾದ ಇದೆ, ಅದನ್ನ ಸರಿಯಾಗಿ ಕೇಳಿಸಿಕೊಳ್ಳಬೇಕು. ನಮ್ಮಲ್ಲಿ ಮಕ್ಕಳಿಗೆ ಕಹಿ ಮಾತ್ರೆಯನ್ನ ಬೆಲ್ಲದಲ್ಲಿ ಇಟ್ಟು ಕೊಡ್ತಾರಲ್ಲ, ಹಾಗೆ. "ಹಿಂಸೆ ಬಿಡಿ" ಅನ್ನೋ ಪೋಸ್ಟರ್ ನೋಡಿ ಯಾರು ಬರ್ತಾರೆ? ಈಗಾಗಲೇ ಬಿಟ್ಟವರು. ಬರಬೇಕಾದ ಹುಡುಗ ಬರೋದು ಬಂದೂಕು ಕಂಡರೆ. ಬರಲಿ, ಒಳಗೆ ಕೂತ ಮೇಲೆ ಆ ಲಕೋಟೆಯನ್ನ ನೋಡಲಿ. ಈ ವಾದದಲ್ಲಿ ಮೋಸ ಹೋದವನಿಗೆ ಲಾಭವೇ ಆಗುತ್ತೆ. ಒಪ್ಪೋಣ.

ಆದರೆ ಈ ಲೆಕ್ಕದಲ್ಲಿ ಇರೋದು ಇಬ್ಬರೇ: ಮಾರುವವನು, ಕೊಳ್ಳುವವನು. ಮೂರನೆಯವರನ್ನ ಬಿಟ್ಟಿದ್ದೀವಿ. ಟಿಕೆಟ್ ತಗೊಂಡವರು ಸಿನಿಮಾ ನೋಡ್ತಾರೆ, ಟ್ರೇಲರ್ ಮಾತ್ರ ಇಡೀ ದೇಶ ನೋಡುತ್ತೆ. ಮಾತ್ರೆ ಸಿಗೋದು ಕೆಲವರಿಗೆ, ಬೆಲ್ಲ ಎಲ್ಲರಿಗೂ. ಸೌತ್ ಸೆಂಟ್ರಲ್ ಲಾಸ್ ಏಂಜಲೀಸ್‌ಗೆ ಒಮ್ಮೆಯೂ ಹೋಗದವರ ತಲೆಯಲ್ಲಿ ಉಳಿಯೋದು ಆ ಮೂವತ್ತು ಸೆಕೆಂಡು. ಅಂಥವರಲ್ಲಿ ಒಬ್ಬರು ನಾಳೆ ಬಾಡಿಗೆ ಮನೆ ಕೇಳಿ ಬಂದ ರಿಕಿಯಂಥ ಹುಡುಗನ ಎದುರು ಕೂತಿರಬಹುದು. ಮೋಸ ಹೋದ ಪ್ರೇಕ್ಷಕ ಟಿಕೆಟ್ ದುಡ್ಡು ವಾಪಸ್ ಕೇಳಬಹುದು. ಚಿತ್ರದಲ್ಲಿ ತೋರಿಸಲ್ಪಟ್ಟ ಬೀದಿ ಏನನ್ನ ವಾಪಸ್ ಕೇಳುತ್ತೆ?

ಹಾಗಂತ ಬಂದೂಕು ಅಳಿಸಿಬಿಟ್ಟರೆ ಪ್ರಾಮಾಣಿಕತೆ ಬಂದುಬಿಡುತ್ತಾ? 1992ರ "ಜ್ಯೂಸ್" ಸಿನಿಮಾದ ಪೋಸ್ಟರ್‌ನಲ್ಲಿ ಟುಪಾಕ್ ಕೈಯಲ್ಲಿದ್ದ ಪಿಸ್ತೂಲನ್ನು ಪ್ಯಾರಾಮೌಂಟ್ ಅಳಿಸಿಹಾಕಿತು. ಆದರೆ ಆ ಕಥೆ ನಡೆಯೋದೇ ಪಿಸ್ತೂಲು ಒಬ್ಬ ಹುಡುಗನ ಕೈಗೆ ಬಂದು ಅವನನ್ನ ಹಾಳು ಮಾಡುವುದರ ಮೇಲೆ! ಗಲಾಟೆಯ ಭಯದಿಂದ ಅಳಿಸಿದ್ದು ಜಾಣತನ ಇರಬಹುದು. ಆದರೆ ತೋರಿಸಿದಾಗಲೂ ಅಳಿಸಿದಾಗಲೂ ಯೋಚನೆ ಮಾಡಿದ್ದು ಬಂದೂಕಿನ ಬಗ್ಗೆ, ಹುಡುಗನ ಬಗ್ಗೆ ಅಲ್ಲ.

"ಮೂನ್‌ಲೈಟ್" ನೆನಪಿಸಿಕೊಳ್ಳಿ, 2016ರದ್ದು. ಮಯಾಮಿಯ ಲಿಬರ್ಟಿ ಸಿಟಿ, ಡ್ರಗ್ಸ್ ಮಾರುವವನು, ಚಟಕ್ಕೆ ಬಿದ್ದ ತಾಯಿ, ಇಲ್ಲದ ಅಪ್ಪ. ಸಾಮಾನೆಲ್ಲಾ ಅದೇ. ಪೋಸ್ಟರ್‌ನಲ್ಲಿ ಮಾತ್ರ ಒಂದೇ ಒಂದು ಮುಖ, ಬಾಲ್ಯ, ಹರೆಯ, ಯೌವನ ಮೂರನ್ನೂ ಸೇರಿಸಿ ಮಾಡಿದ್ದು. ಹೆಚ್ಚು ದುಡ್ಡಿಲ್ಲದೆ ಮಾಡಿದ ಆ ಚಿತ್ರ ಉತ್ತಮ ಚಿತ್ರದ ಆಸ್ಕರ್ ಗೆದ್ದಿತು, ಗಳಿಕೆಯಲ್ಲೂ ಸೋಲಲಿಲ್ಲ. ಎಲ್ಲರಿಗೂ ಅಂಥ ಅದೃಷ್ಟ ಇರುತ್ತೆ ಅಂತಲ್ಲ. ಇವತ್ತು ಟೂಬಿಯಂಥ ಉಚಿತ ಆ್ಯಪ್‌ಗಳಲ್ಲಿ ಬರುವ ಪುಟ್ಟ ಬಜೆಟ್‌ನ ಅರ್ಬನ್ ಡ್ರಾಮಾಗಳಿಗೆ ಹೆಬ್ಬೆರಳ ಗಾತ್ರದ ಒಂದು ಚಿತ್ರವೇ ಸರ್ವಸ್ವ. ನೋಟಿನ ಕಂತೆ, ಪಿಸ್ತೂಲು, ಹಿಂದೆ ನಗರದ ಕಟ್ಟಡಗಳು. ಹೊಟ್ಟೆಪಾಡಿಗೆ ಆ ಚಿತ್ರ ಹಾಕುವವರನ್ನ ಕಟಕಟೆಗೆ ಎಳೆಯೋಕೆ ನನಗೆ ಮನಸ್ಸಿಲ್ಲ. ದೊಡ್ಡ ಸ್ಟುಡಿಯೊಗೆ ಆ ರಿಯಾಯಿತಿ ಕೊಡಲಾರೆ.

ನಾವೇನು ಬೇರೆ ಅಲ್ಲ. 1995ರ "ಓಂ" ಚಿತ್ರದಲ್ಲಿ ಉಪೇಂದ್ರ ಬೆಂಗಳೂರಿನ ನಿಜವಾದ ರೌಡಿಗಳನ್ನೇ ತೆರೆಗೆ ತಂದರು. ರೌಡಿಸಂ ಎಲ್ಲಿಗೆ ಒಯ್ಯುತ್ತೆ ಅನ್ನೋದನ್ನ ಹೇಳುವ ಕಥೆ ಅದು. ಆಮೇಲೆ ಬಂದವರು ಎತ್ತಿಕೊಂಡಿದ್ದು ಯಾವುದನ್ನ? ಮಚ್ಚನ್ನ. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಮಚ್ಚು ಗೊತ್ತಿಲ್ಲದಿದ್ದರೆ ಅಪ್ಪನನ್ನ ಕೇಳಿ. ಎಳನೀರು ಕೊಚ್ಚೋಕೂ ಅದೇ, ಪೋಸ್ಟರ್‌ಗೂ ಅದೇ. ಸಂಘದ ವಾಟ್ಸಾಪ್ ಗುಂಪಿನಲ್ಲಿ "ಶನಿವಾರ ಒಂದೇ ಶೋ" ಅಂತ ಒಂದು ಪೋಸ್ಟರ್ ಬರುತ್ತಲ್ಲ, ನಿಮ್ಮ ಅಮೆರಿಕನ್ ಗೆಳೆಯರಿಗೆ ಕನ್ನಡದ ಬಗ್ಗೆ ಗೊತ್ತಾಗೋದು ಅದೊಂದರಿಂದಲೇ ಇರಬಹುದು.

ಹಾಗಾಗಿ ನೀವು ನಾಳೆ ಒಂದು ಕಿರುಚಿತ್ರ ಮಾಡಿದರೆ, ಪೋಸ್ಟರ್ ಬಿಡುವ ಮುಂಚೆ ಅದನ್ನ ಆ ಬೀದಿಯ ಒಬ್ಬ ತಾಯಿಗೆ ತೋರಿಸಿ ನೋಡಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಇವನು ಯಾರು ಅಂತ ಕೇಳಿ. ನನ್ನನ್ನ ಕೇಳಿದ್ದರೆ "ಬಾಯ್ಜ್"ಗೆ ಆ ಲಕೋಟೆಯನ್ನೇ ಹಾಕ್ತಿದ್ದೆ, ಇನ್ನೂ ತೆರೆಯದ್ದು, ಅಡುಗೆಮನೆಯ ಮೇಜಿನ ಮೇಲೆ. ಟಿಕೆಟ್ ಸ್ವಲ್ಪ ಕಡಿಮೆಯೇ ಹೋಗ್ತಿತ್ತೇನೋ.