ಶಿಶುವಿಗೆ ಆಪ್ತವಾಕ್ಯ



ತೊಡೆಯ ಮೇಲಿನ ಶಿಶುವಿಗೆ ತಾಯಿಯು ಬೆರಳು ತೋರಿ ‘ಇವರು ಅಪ್ಪ, ಇದು ಹಸು’ ಎನ್ನುವಳು. ಶಿಶುವು ಒಪ್ಪಿ ಕಲಿಯುವುದು. ಶಬ್ದಾರ್ಥಜ್ಞಾನವು ಇಂತಹ ನಿರ್ದೇಶದಿಂದಲೇ ಮೊದಲಾಗುವುದೆಂದು ಶ್ರೀಮದಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ಪ್ರತಿಪಾದಿಸಿರುವರು. ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧ. ಅಪ್ರಾಮಾಣ್ಯವು ದೋಷದಿಂದ ಬರುವಂಥದು. ಶಿಶುವಿನ ವಿಷಯವೂ ಹಾಗೆಯೇ: ನಂಬುವುದು ಅದಕ್ಕೆ ಸಹಜ, ಸಂದೇಹವನ್ನು ಕಲಿಸುವವರು ನಾವು.

ಹಾಗೆಂದು ಮಕ್ಕಳಿಗೆ ವಿವೇಚನೆಯಿಲ್ಲವೆಂದಲ್ಲ. 2004ರಲ್ಲಿ ಪ್ರಕಟವಾದ ಮನಃಶಾಸ್ತ್ರದ ಪ್ರಯೋಗಗಳಲ್ಲಿ, ಪರಿಚಿತ ವಸ್ತುವಿಗೆ ತಪ್ಪು ಹೆಸರು ಹೇಳಿದವರನ್ನು ಬಿಟ್ಟು, ಸರಿಯಾಗಿ ಹೇಳಿದವರಿಂದಲೇ ಹೊಸ ಹೆಸರುಗಳನ್ನು ಕಲಿಯುವ ಒಲವು 3–4 ವರ್ಷದ ಮಕ್ಕಳಲ್ಲಿಯೇ ಕಂಡುಬಂದಿತು.

ಘಟಪ್ರಭೆಗೆ ಕಟ್ಟಿದ ನಮ್ಮ ಹಿಡಕಲ್ ಜಲಾಶಯದ ದಡದಲ್ಲಿ ‘ನೀರು ಆಳ, ಇಳಿಯಬೇಡ’ ಎನ್ನುತ್ತೇವೆ. ಆ ಆಳವನ್ನು ಮಗುವು ಇಳಿದು ಪರೀಕ್ಷಿಸಲಾಗದು. ಆಪ್ತವಾಕ್ಯವೊಂದೇ ಅದನ್ನು ಕಾಯಬೇಕು. ನಿನ್ನೆ ‘ಗುಮ್ಮ ಬಂತು’ ಎಂದು ಸುಳ್ಳು ಹೇಳಿ ಹೆದರಿಸಿ ಉಣಿಸಿದವರ ಮಾತಿಗೆ ಇಂದು ಆ ಬಲವೆಲ್ಲಿ?

ಆದುದರಿಂದ ಮಕ್ಕಳೊಡನೆ ಸಮಾಧಾನಕ್ಕಾಗಿಯೂ ಅನೃತವಾಡದಿರೋಣ. ಕೊಟ್ಟ ಮಾತು ಚಿಕ್ಕದಾದರೂ ನಡೆಸೋಣ. ಮನೆಯ ಹಿರಿಯರ ಮಾತು ಸತ್ಯವೆಂದು ಕಂಡ ಮಗುವಿಗೆ ಮುಂದೆ ಗುರುವಾಕ್ಯದಲ್ಲಿಯೂ ಶಾಸ್ತ್ರದಲ್ಲಿಯೂ ಶ್ರದ್ಧೆ ಮೂಡುವುದು.

ಶ್ರೀಕೃಷ್ಣಾರ್ಪಣಮಸ್ತು.